ಬೆಳ್ಳಿಹುಲಿಯ ಪಾಠ

"ನೀನಿಲ್ಲದಿದ್ರೆ ಇವತ್ತು ನನ್ನ ಕತೆ ಮುಗೀತಿತ್ತು."

ಬಾಗಿಲ ಆಚೆ ಗಂಡನ ದನಿ. ಮೆತ್ತಗಿತ್ತು, ನಗು ಬೆರೆತಿತ್ತು.

ಒಗೆದ ಬಟ್ಟೆಯ ಬುಟ್ಟಿ ಹಿಡಿದಿದ್ದವಳು ನಿಂತಲ್ಲೇ ನಿಂತಳು. ಮದುವೆಯಾದ ಆರು ವರ್ಷದಲ್ಲಿ ಅಂಥ ಮಾತು ಅವಳ ಪಾಲಿಗೆ ಒಮ್ಮೆಯೂ ಬಂದಿರಲಿಲ್ಲ. ಮೊಣಕೈಯಿಂದ ಬಾಗಿಲು ತಳ್ಳಿದಳು. ಗಂಡ ಹೆಡ್‌ಫೋನ್ ಏರಿಸಿಕೊಂಡು ಟಿವಿಯ ಮುಂದೆ ಆನ್‌ಲೈನ್ ಆಟ ಆಡುತ್ತ ಕೂತಿದ್ದ. ಕೃತಕ ಹಲ್ಲು ತಯಾರಿಸುವ ಕೆಲಸ ಅವನದು. ಉಗುರಿನ ಸಂದಿಯಲ್ಲಿ ಪ್ಲಾಸ್ಟರಿನ ಬಿಳಿ ಪುಡಿ ಹಾಗೇ ಇತ್ತು. ಬಂದವನು ಕೈ ಕೂಡ ತೊಳೆದಿರಲಿಲ್ಲ. ಪರದೆಯ ಮೇಲೆ ಮಂಜಿನ ಬೆಟ್ಟ, ಮುರಿದ ಕೋಟೆ. ಅವನ ಬಿಲ್ಲುಗಾರನಿಗೆ ಒತ್ತಿಕೊಂಡಂತೆ ಬೆಳ್ಳಿ ಕೂದಲಿನ ಒಬ್ಬ ಚೆಲುವೆ. ಅವಳ ತಲೆಯ ಮೇಲೆ ಹೆಸರು ತೇಲುತ್ತಿತ್ತು: ಬೆಳ್ಳಿಹುಲಿ.

"ಯಾರದು?"

"ಯಾರೋ ಏನೋ. ಅಲ್ಲಿ ಯಾರೂ ಯಾರನ್ನೂ ಕೇಳಲ್ಲ."

"ದನಿ ಕೇಳಿಲ್ವಾ?"

"ಇಲ್ಲ. ನಾನು ಮಾತಾಡ್ತೀನಿ, ಅವಳು ಬರೀತಾಳೆ."

ಬರೀತಾಳೆ. ಆ 'ಳೆ' ಅವಳ ಕಿವಿಯಲ್ಲಿ ಮುಳ್ಳಿನಂತೆ ಕೂತಿತು.

ಅಡುಗೆಮನೆಗೆ ಬಂದು ಫೋನ್ ಕೈಗೆತ್ತಿಕೊಂಡಳು. ಅಮ್ಮನ ನಂಬರಿನ ತನಕ ಹೋಗಿ ಬೆರಳು ನಿಂತಿತು. ಮೂವತ್ತು ವರ್ಷ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮುಖ್ಯ ನರ್ಸ್ ಆಗಿದ್ದವಳು ಅಮ್ಮ. ಮಗಳ ಆಯ್ಕೆ ಅವಳಿಗೆ ಹಿಡಿಸಿರಲಿಲ್ಲ. ಮದುವೆಗೆ ಬರಲಿಲ್ಲ. ಅಳಿಯನ ಮುಖ ನೋಡುವುದಿರಲಿ, ದನಿ ಕೂಡ ಕಿವಿಗೆ ಬೀಳಬಾರದು ಎಂದಿದ್ದಳು. ಈಗ ಅತ್ತುಕೊಂಡರೆ "ನಾನು ಅವತ್ತೇ ಹೇಳಿದ್ನಲ್ಲ" ಎನ್ನುತ್ತಾಳೆ. ಅದನ್ನು ಕೇಳುವುದಕ್ಕಿಂತ ಗಾಜು ಅಗಿಯುವುದು ಮೇಲು. ಫೋನ್ ಬೋರಲು ಹಾಕಿದಳು.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅವಳ ಕೆಲಸ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತಿತ್ತು. ಗಂಡ ಬರುವುದು ಆರಕ್ಕೆ. ಮರುದಿನವೇ ಅವನ ಆಟದಲ್ಲಿ ತನ್ನದೊಂದು ಪಾತ್ರವನ್ನು ಹುಟ್ಟುಹಾಕಿದಳು. ಹೆಸರು ಕಿಡಿ. ಹೊಸಬರಿಗೆ ಸಲಹೆ ಅಂತ ಇಂಟರ್ನೆಟ್ಟಿನಲ್ಲಿ ಉದ್ದಕ್ಕೆ ಬರೆದಿದ್ದರು: ಮೊದಲ ಸೇತುವೆ ಕೂಡಲೇ ದಾಟಬೇಡಿ, ಊರಿನವರನ್ನೆಲ್ಲ ಮಾತಾಡಿಸಿ, ಸೊಪ್ಪು ಬೇರು ಕೂಡಿಡಿ. ಅವಳಿಗೆಲ್ಲಿಯ ತಾಳ್ಮೆ. ಸಿಕ್ಕ ಕಬ್ಬಿಣದ ಕವಚವನ್ನೆಲ್ಲ ಮೈಗೇರಿಸಿ, ಎಲ್ಲಕ್ಕಿಂತ ದೊಡ್ಡ ಕತ್ತಿ ಹಿಡಿದು ನೇರ ಸೇತುವೆಗೆ ನುಗ್ಗಿದಳು. ಅಲ್ಲಿ ಕಾವಲಿದ್ದ ದೈತ್ಯ ಗದೆ ಬೀಸಿದ. ಸತ್ತಳು. ಒಂದೇ ಮಧ್ಯಾಹ್ನ ಹನ್ನೊಂದು ಸಲ ಸತ್ತಳು.

ಹನ್ನೆರಡನೆಯ ಸಲ ಎದ್ದಾಗ ಎದುರಿಗೆ ಬೆಳ್ಳಿ ಕೂದಲು. ಪರದೆಯ ಕೆಳಗೆ ಅಕ್ಷರ ಮೂಡಿದವು.

"ನೋಡಮ್ಮ, ಮೊದಲು ಮೈಮೇಲಿನ ಭಾರ ಇಳಿಸು. ಇಷ್ಟೊಂದು ಹೊತ್ಕೊಂಡ್ರೆ ಪಕ್ಕಕ್ಕೆ ಹಾರೋಕಾಗಲ್ಲ."

ಗಂಡನನ್ನು ಬುಟ್ಟಿಗೆ ಹಾಕಿಕೊಂಡವಳು ಹೆಂಡತಿಗೆ ಬದುಕುವ ಪಾಠ ಹೇಳಲು ಬಂದಿದ್ದಳು. ಹಲ್ಲು ಕಚ್ಚಿ 'ಸರಿ' ಎಂದು ಬರೆದಳು.

ಮೂರು ವಾರ ಪಾಠ ನಡೆಯಿತು. ಬೆಂಕಿಗುಂಡ ಕಂಡಲ್ಲೆಲ್ಲ ಕೂರು, ಸತ್ತರೆ ಅಲ್ಲೇ ಎದ್ದೇಳ್ತೀಯ. ದಾರಿ ಹಿಡಿಯೋ ಮೊದಲು ಎತ್ತರಕ್ಕೆ ಹತ್ತಿ ಸುತ್ತ ನೋಡು. ಕಂಡವರ ಮೇಲೆಲ್ಲ ಕತ್ತಿ ಎತ್ತಬೇಡ, ಓಡಿಹೋಗೋದು ಅವಮಾನ ಅಲ್ಲ. ಅವಳು ತಪ್ಪಿದಾಗ ಹುಲಿ ಗದರುತ್ತಿತ್ತು: "ಕಣ್ಣೆಲ್ಲಿಟ್ಟಿದ್ದೀಯ? ಗದೆ ಎತ್ತಿದಾಗಲ್ಲ, ಇಳಿಸಿದಾಗ ಹೊಡಿ. ಕೋಪದಲ್ಲಿ ಗುಂಡಿ ಒತ್ತಬೇಡ."

ದೈತ್ಯ ಬಿದ್ದ ದಿನ ಅವಳು ಖುಷಿಗೆ ಕೂಗಿಕೊಂಡಳು. ಮರುಗಳಿಗೆ ತನಗೇ ಛೀಮಾರಿ ಹಾಕಿಕೊಂಡಳು. ಸಂಜೆ ತಟ್ಟೆಗಳನ್ನು ಕುಕ್ಕಿದಳು.

"ಏನಾಯ್ತು?" ಎಂದ ಗಂಡ.

"ಏನಿಲ್ಲ." ಆ ಮಾತು ತಟ್ಟೆಗಿಂತ ಜೋರಾಗಿ ಬಿತ್ತು. ಅವನು ತಲೆ ತಗ್ಗಿಸಿ ಉಂಡು, ಎದ್ದು ಹೋಗಿ ಹೆಡ್‌ಫೋನ್ ಹಾಕಿಕೊಂಡ.

ಕೊನೆಗೂ ಕಿಡಿ ಬೆಟ್ಟದ ಕೋಟೆ ತಲುಪಿದಳು. ಪ್ರಪಾತದ ಅಂಚಿನಲ್ಲಿ ಹುಲಿ ಆಯುಧ ಬದಿಗಿಟ್ಟು ಬೆಂಕಿ ಕಾಯಿಸುತ್ತಿತ್ತು. ಬೆನ್ನು ಈ ಕಡೆ. ಒಂದೇ ಏಟು ಸಾಕು. ಅಲ್ಲಿಂದ ಬಿದ್ದರೆ ವರ್ಷಗಟ್ಟಲೆ ಕೂಡಿಸಿದ್ದೆಲ್ಲ ಮಣ್ಣುಪಾಲು. ಅದನ್ನೂ ಹುಲಿಯೇ ಹೇಳಿಕೊಟ್ಟಿತ್ತು. ಅವಳು ಕತ್ತಿ ಹಿರಿದಳು. ಹೊಡೆಯುವ ಮೊದಲು ಕೇಳಿಬಿಡಬೇಕು ಅನ್ನಿಸಿತು.

"ಆ ಬಿಲ್ಲುಗಾರ ನಿನಗೆ ಏನಾಗಬೇಕು?"

"ಜೊತೆಗಾರ. ಯಾಕೆ?"

"ಅವನಿಗೆ ಮದುವೆಯಾಗಿದೆ. ಗೊತ್ತಾ?"

ಅವಳ ಹೆಬ್ಬೆರಳು ಗುಂಡಿಯ ಮೇಲಿತ್ತು.

"ಗೊತ್ತಿಲ್ದೆ ಏನು? ಬಾಯಿ ತೆಗೆದ್ರೆ ಹೆಂಡತಿ ಮಾತೇ. ಅವಳು ನಕ್ಕು ಎಷ್ಟು ದಿನ ಆಯ್ತು ಅಂತ ಕೊರಗ್ತಾನೆ. ನನ್ನಿಂದ ಅವಳಿಗೆ ತವರು ತಪ್ಪಿಹೋಯ್ತು ಅಂತಾನೆ."

ಅಕ್ಷರಗಳು ಸರಸರ ಬರುತ್ತಿದ್ದವು, ಸಿಟ್ಟಿನಲ್ಲಿ ಬರೆದ ಹಾಗೆ.

"ಅತ್ತೆ ಅನ್ನೋಳು ಒಬ್ಬಳಿದ್ದಾಳಂತೆ. ಇವನನ್ನ ಹೊಸ್ತಿಲು ತುಳಿಯೋಕೆ ಬಿಟ್ಟಿಲ್ವಂತೆ. ಇಂಥ ಹುಡುಗನ್ನ. ಎಂಥಾ ಕಲ್ಲೆದೆ ಹೆಂಗಸಿರಬೇಕು? ನನ್ನ ಕೈಗೆ ಸಿಕ್ಕಲಿ, ಕಪಾಳಕ್ಕೆ ಎರಡು ಬಿಡ್ತೀನಿ."

ಹೆಬ್ಬೆರಳು ತಾನಾಗಿ ಸಡಿಲವಾಯಿತು. ಮೂರು ವಾರ ಕಾಯಿಸಿದ ಕೋಪಕ್ಕೆ ಕಾಲೂರಲು ಜಾಗ ಉಳಿದಿರಲಿಲ್ಲ. ಕಿಡಿ ಕತ್ತಿಯನ್ನು ಒರೆಗೆ ಸೇರಿಸಿ ಬೆಂಕಿಯ ಬಳಿ ಕೂತಳು. ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು.

"ನನಗೂ ಒಬ್ಬಳು ಮಗಳಿದ್ದಾಳಮ್ಮ, ಕನ್ನಡಕದ ಅಂಗಡೀಲಿ ಗಾಜು ಉಜ್ಜುತ್ತಾಳೆ, ಇವನಂಥ ಚಿನ್ನದಂಥವನನ್ನ ಹುಡುಕ್ಕೊಳ್ಳೋದು ಬಿಟ್ಟು, ಯಾವನೋ ಹಲ್ಲಿನ ಸೆಟ್ ಮಾಡೋನ ಹಿಂದೆ ಹೋದಳು."