ಹಿಂದಕ್ಕೆ ಓಡುವ ಕಾರು

ಇಳಿಜಾರಿನಲ್ಲಿ ಬಸ್ಸಿನ ಬ್ರೇಕು ಕಾದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಬನ್ನಿಮಂಟಪದ ಮೈದಾನ ನೆನಪಾಗುತ್ತದೆ.

ಅಪ್ಪ ಡಾಕ್ಟರ ಮನೆಯ ಡ್ರೈವರ್. ಭಾನುವಾರ ಮಧ್ಯಾಹ್ನ ಅವರ ಅಮೆರಿಕದ ಕಾರಿನಲ್ಲಿ ನನ್ನನ್ನು ಎತ್ತಿ ಕೂರಿಸಿಕೊಂಡು, ಮೈದಾನದಲ್ಲಿ ಹಿಂದಕ್ಕೆ ಓಡಿಸಿ ಗಕ್ಕನೆ ನಿಲ್ಲಿಸುತ್ತಿದ್ದ. ನಾನು ಎಣಿಸುತ್ತಿದ್ದೆ, ಇಪ್ಪತ್ತು ಸಲ. “ಎಲ್ಲಾ ನಿಂಗೋಸ್ಕರ ಕಣಮ್ಮ” ಅನ್ನುತ್ತಿದ್ದ.

ಒಂದು ದಿನ ಡಾಕ್ಟರೇ ಅಲ್ಲಿಗೆ ಬಂದುಬಿಟ್ಟರು. “ಏನಯ್ಯಾ ಇದು?”

ಅಪ್ಪ ಕೈಕಟ್ಟಿ ನಿಂತ. “ಬ್ರೇಕಿಗೋಸ್ಕರ ಸ್ವಾಮಿ. ರಿವರ್ಸಲ್ಲಿ ತುಳಿದ್ರೆ ಸವೆದಿದ್ದು ತಾನಾಗೇ ಬಿಗಿಯಾಗ್ತದೆ. ಎರಡು ಸಲ ಸಾಕು.”

“ಮಗು ಯಾಕೆ?”

“ಬೇಡ ಅಂದ್ರೂ ಹತ್ಕೊಂಬುಡ್ತು ಸ್ವಾಮಿ.”

ಮುಂದಿನ ಭಾನುವಾರ ಅವನು ಎಷ್ಟು ಹಾರ್ನ್ ಹೊಡೆದರೂ ನಾನು ಅಡುಗೆಮನೆ ಬಿಟ್ಟು ಕದಲಲಿಲ್ಲ. ಅಪ್ಪ ಒಬ್ಬನೇ ಹೋದ. ಅಮ್ಮನ ಲೋಟದ ಕಾಫಿ ಆರುವ ಮೊದಲೇ ವಾಪಸ್ ಬಂದ.