ಎಳೆದರೂ ಬಿಡದ ಜಾಯಿಂಟು

ಕಾರಿನ ಬಾಗಿಲಿಗೆ ಹೊಸ ಸ್ಪೀಕರ್ ಕೂರಿಸಲು ಫಿಸಿಕ್ಸ್ ಮೇಷ್ಟ್ರು ಗ್ಯಾರೇಜಿಗೆ ಬಂದದ್ದೇನೋ ನಿಜ, ಆದರೆ ಮೆಕ್ಯಾನಿಕ್‌ಗೆ ವೈರು ಮುಟ್ಟಲು ಬಿಡಲಿಲ್ಲ.

"ಹಲ್ಲಲ್ಲಿ ಕಚ್ಚಿ, ತಿರುಚಿ, ಟೇಪು ಸುತ್ತೋ ಜನ ನೀವು. ಇದು ಕ್ರಿಂಪ್ ಕನೆಕ್ಟರ್. ವೈರು ತೂರಿಸಿ ಇಕ್ಕಳದಲ್ಲಿ ಅದುಮಿದ್ರೆ ಈ ಜನ್ಮದಲ್ಲಿ ಬಿಚ್ಚಲ್ಲ."

"ಸಾರ್, ಆ ವೈರನ್ನ ಮೊದ್ಲು..."

"ಬಾಯ್ಮುಚ್ಕೊಂಡು ನೋಡಿ ಕಲಿ."

ಅದುಮಿದರು. ಎಳೆದು ನೋಡಿದರು; ಜೋತುಬೀಳುವುದೊಂದೇ ಬಾಕಿ. ಜಾಯಿಂಟು ಜಗ್ಗಲಿಲ್ಲ, ಹಾಡೂ ಮೊಳಗಿತು. ಬೀಗುತ್ತಾ ಬಾಗಿಲು ಹಾಕಿದರೆ ಅದು ಮುಚ್ಚಲೇ ಇಲ್ಲ. ಬಾಗಿಲಂಚಿನ ತೂತಿನಲ್ಲಿ ತೂರಿಸಿ ಆಮೇಲೆ ಜೋಡಿಸಬೇಕಿದ್ದ ವೈರು ತೂತಿನ ಹೊರಗಿನಿಂದಲೇ ಹಾದು ಬಾಗಿಲಿಗೆ ಅಡ್ಡ ನಿಂತಿತ್ತು.

ಬಿಚ್ಚಲು ಎಳೆದೆಳೆದು ಮೇಷ್ಟ್ರು ಬೆವೆತರು.

ಮೆಕ್ಯಾನಿಕ್ ಕಟಿಂಗ್ ಪ್ಲೈಯರ್ ಹಿಡಿದು ಬಂದ.

"ಕಲ್ತೆ ಸಾರ್. ಈಗ ಕತ್ತರಿಸ್ಲಾ?"