ಮೊಸರುಗಲ್ಲು ಮತ್ತು ಕಂಚಿನ ಕಂಠ

"ಅದು ನೀರಿನ ಮೀಟರ್ ಅಲ್ಲಣ್ಣ, ಟಪಾಲು ಡಬ್ಬಿ," ಎಂದ ದರ್ಜಿ.

ಬಗ್ಗಿ ಡಬ್ಬಿಯೊಳಗೆ ಇಣುಕುತ್ತಿದ್ದ ಮೀಟರ್ ಓದುವವರು ತಡಬಡಿಸಿ ನೆಟ್ಟಗಾದರು. ದರ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮಾಸಿದ ಅಂಗಿ, ಹೆಗಲಿಗೆ ಹರಕು ಚೀಲ, ಕಾಲಲ್ಲಿ ಮಾತ್ರ ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕಪ್ಪು ಬೂಟು. ದರ್ಜಿ ಕೂರಲು ಸ್ಟೂಲು ಎಳೆದುಕೊಟ್ಟ.

ಇವರಿಗೂ ಮೀಟರಿಗೂ ಎಣ್ಣೆ ಸೀಗೆಕಾಯಿ ಸಂಬಂಧವೆಂದು ನಿಮಗೆ ಈಗಾಗಲೇ ಹೊಳೆದಿರಬೇಕು. ಮೇಲ್ಮನೆಗೆ ನಾಮನಿರ್ದೇಶನಗೊಳ್ಳುವವರ ಪೂರ್ವಾಪರ ಜಾಲಾಡುವ ಅಧಿಕಾರಿ ಇವರು. ಕಚೇರಿಯಲ್ಲಿ ಮೊಸರುಗಲ್ಲು ಎಂದೇ ಹೆಸರು. ಮೊಸರಿನಲ್ಲಿ ಕಲ್ಲು ಹುಡುಕುವುದೇ ಕಸುಬು. ಕಳೆದ ಸಲ ಮಾತ್ರ ಕಲ್ಲು ಕೈಗೆ ಸಿಗಲಿಲ್ಲ. ಇವರು 'ಅಪರಂಜಿ' ಎಂದು ಬರೆದುಕೊಟ್ಟ ಸಮಾಜಸೇವಕ ಸದನದ ಕುರ್ಚಿಗಳನ್ನೇ ಒಂದೊಂದಾಗಿ ಮನೆಗೆ ಸಾಗಿಸಿ ಸಿಕ್ಕಿಬಿದ್ದ. ಮೊಸರುಗಲ್ಲಿನ ಮನೆಗೆ ಅಂಟಿಕೊಂಡೇ ಇದ್ದ ಅವನ ಸರ್ಕಾರಿ ಮನೆಗೆ ಬೀಗ ಬಿತ್ತು. ಮೇಲಧಿಕಾರಿ ಹಲ್ಲು ಕಡಿದರು.

"ಇನ್ನೊಂದ್ಸಲ ಮೋಸ ಹೋದ್ರೆ ಹಳೇ ಕಡತದ ಗೋದಾಮಿಗೆ ಹಾಕ್ತೀನಿ ನಿಮ್ಮನ್ನ. ಅಲ್ಲಿ ಇಲಿಗಳ ಪೂರ್ವಾಪರ ವಿಚಾರಿಸ್ಕೊಂಡಿರಿ."

ಈ ಸಲದ ಹೆಸರೂ ಸಲೀಸಾದದ್ದಲ್ಲ. ಕಲಾವಿದರ ಕೋಟಾದಲ್ಲಿ ಒಬ್ಬ ಗಾಯಕರು, ಕಂಚಿನ ಕಂಠವೆಂದು ಪ್ರಸಿದ್ಧರು. ಎಲ್ಲಿ ಪ್ರಸಿದ್ಧರು ಎಂಬುದೇ ತಕರಾರು. ಒಂದು ಸಭೆಯಲ್ಲೂ ಹಾಡಿಲ್ಲ, ಒಂದು ಧ್ವನಿಮುದ್ರಣವೂ ಇಲ್ಲ. ಇವರ ಹಾಡು ಕೇಳಿದವರು ಯಾರಾದರೂ ಇದ್ದರೆ ಕೈ ಎತ್ತಿ, ಎಂದು ಪತ್ರಿಕೆಗಳು ಗೇಲಿ ಮಾಡಿದವು. ಮಂತ್ರಿಯ ಷಡ್ಡಕನಾದದ್ದಕ್ಕೆ ಗಾಯಕನಾದ, ಎಂದಿತು ವಿರೋಧಪಕ್ಷ.

"ಆ ಕೊನೇ ಮನೆಯೋರು ಹಾಡ್ತಾರಂತಲ್ಲ, ಕೇಳಿದೀರಾ?" ಮೊಸರುಗಲ್ಲು ಸುಮ್ಮನೆ ಮಾತಿಗೆಂಬಂತೆ ಕೇಳಿದರು.

"ಕೇಳಿದೀನಾ?" ದರ್ಜಿಯ ಕಣ್ಣು ಕೆಂಪಗಿತ್ತು. "ಅಣ್ಣಾ, ಅವರು ಹಾಡದೆ ಈ ಬೀದಿಗೆ ಬೆಳಗೇ ಆಗಲ್ಲ. ಕೇಳ್ತಾ ಕೇಳ್ತಾ ಕಣ್ಣಲ್ಲಿ ನೀರು ಬರುತ್ತೆ. ಅಂಥ ಕಲಾವಿದರು ಇಂಥ ಸಣ್ಣ ಬೀದೀಲಿ ಇರಬೇಕಾದೋರೇ ಅಲ್ಲ!"

ಎದುರುಮನೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ ಕಿವಿಯಿಂದ ಹತ್ತಿ ತೆಗೆದು ಪ್ರಶ್ನೆ ಕೇಳಿಸಿಕೊಂಡರು. ಕಿವಿನೋವಂತೆ. ಅವರ ನೋಟವೂ ಒಮ್ಮೆ ಬೂಟಿನ ಮೇಲೆ ಹರಿದು ಬಂತು.

"ಹಿತ್ತಲ ಗಿಡ ಮದ್ದಲ್ಲ ಅಂತಾರೆ ನೋಡಪ್ಪ, ಹಾಗಾಗಬಾರದು. ನಾವು ಕೇಳಿದ್ದು ಸಾಕು. ಆ ಪುಣ್ಯ ಬೇರೆಯೋರಿಗೂ ಸಿಗ್ಲಿ. ಅಂಥೋರು ಇಂಥ ಸಣ್ಣ ಬೀದೀಲಿ ಇರಬೇಕಾದೋರೇ ಅಲ್ಲ."

ಅದೇ ಮಾತು! ಮೊಸರುಗಲ್ಲಿನ ಮೂಗು ಚುರುಕಾಯಿತು. ಬೀದಿಗೆ ಬೀದಿಯೇ ಲಂಚ ತಿಂದಿರಬೇಕು. ಮೀಟರಿನ ನೆಪದಲ್ಲಿ ಮನೆ ಮನೆ ಹೊಕ್ಕು ಹೊಸ ಫ್ರಿಜ್ಜು, ಹೊಸ ಸ್ಕೂಟರು, ಹೊಸ ಬಳೆ ಹುಡುಕಿದರು. ಏನೂ ಇಲ್ಲ. ಕಂಡದ್ದು ಹಳೆಯ ಮಂಚಗಳು, ಹಗಲು ಹನ್ನೊಂದಕ್ಕೆ ಅವುಗಳ ಮೇಲೆ ಗೊರಕೆ ಹೊಡೆಯುತ್ತಿದ್ದ ಜನ. ಸೋಮಾರಿ ಬೀದಿ, ಆದರೆ ಪ್ರಾಮಾಣಿಕ ಬೀದಿ, ಎಂದುಕೊಂಡರು.

ಕಡೆಗೆ ಗಾಯಕರ ಮನೆ. ಕಂಚಿನ ಕಂಠ ಕುತ್ತಿಗೆಗೆ ಶಾಲು ಸುತ್ತಿಕೊಂಡು, ಎಳೆ ಮಗುವಿನಂತೆ ನಗುತ್ತ ಕುಳಿತಿದ್ದರು. ನೋಡಿದರೆ ಇರುವೆಗೂ ನೋವು ಮಾಡದ ಮನುಷ್ಯ. ಒಂದು ಹಾಡು ಹೇಳಿ ಎಂದರೆ ಗಂಟಲು ತೋರಿಸಿ ಕೈಯಾಡಿಸಿದರು.

"ಎರಡು ವಾರ ಬಾಯಿ ತೆರೀಲೇಬಾರ್ದು ಅಂದಿದಾರೆ ಡಾಕ್ಟ್ರು," ಎಂದರು ಹೆಂಡತಿ. "ಪಕ್ಕದ್ಮನೇಲೇ ಇರೋದು. ಪಟ್ಟೀಲಿ ಇವರ ಹೆಸರು ಬಂತಂತ, ಇವತ್ತು ಬೆಳಗ್ಗೆ ಹಾಡು ಮುಗೀತಿದ್ದ ಹಾಗೇ ತಾವಾಗಿ ಬಂದು ನೋಡಿದ್ರು. ಫೀಸೂ ಮುಟ್ಟಲಿಲ್ಲ."

"ನೀವೂ ರಾಜಧಾನಿಗೆ ಹೋಗ್ತೀರಾ, ಅಮ್ಮ?"

"ಇಲ್ಲಪ್ಪ." ಆಕೆ ಕಣ್ಣೊರೆಸಿಕೊಂಡರು. "ನಾನಿಲ್ಲೇ ಇರ್ತೀನಿ. ದೇಶಕ್ಕೋಸ್ಕರ ಅಷ್ಟೂ ತ್ಯಾಗ ಮಾಡದಿದ್ರೆ ಹೇಗೆ?"

ಮೊಸರುಗಲ್ಲಿನ ಎದೆ ತುಂಬಿ ಬಂತು. ಲಂಚ ತಿನ್ನದ ನೆರೆಹೊರೆ, ಫೀಸು ಮುಟ್ಟದ ವೈದ್ಯ, ಗಂಡನನ್ನೇ ನಾಡಿಗೆ ಬಿಟ್ಟುಕೊಡುವ ಹೆಂಡತಿ! ಈ ಮೊಸರಿನಲ್ಲಿ ಕಲ್ಲಿಲ್ಲ. ಅಂದೇ ವರದಿ ಬರೆದರು: ಅಪರಂಜಿ.

ವರದಿ ಸುಳ್ಳಾಗಲಿಲ್ಲ. ಸದನದೊಳಗೆ ಹಾಡಬಾರದೆಂಬ ನಿಯಮವಿತ್ತು. ಹೊಸ ಸದಸ್ಯರು ಅದನ್ನು ಚಾಚೂ ತಪ್ಪದೆ ಪಾಲಿಸಿದರು, ಹಾಡುವುದೇನಿದ್ದರೂ ಮನೆಯಲ್ಲೇ. ಕುರ್ಚಿಗಳೆಲ್ಲ ಇದ್ದಲ್ಲೇ ಇದ್ದವು. ಮೇಲಧಿಕಾರಿ ಮೊಸರುಗಲ್ಲಿನ ಬೆನ್ನು ತಟ್ಟಿದರು. ಗೋದಾಮಿನ ಇಲಿಗಳು ಬದುಕಿಕೊಂಡವು.

ಕೆಲವು ತಿಂಗಳು ಕಳೆದು, ಒಂದು ಭಾನುವಾರ ಮೊಸರುಗಲ್ಲಿನ ಮನೆಗೆ ಒಲೆ ರಿಪೇರಿಯವನೊಬ್ಬ ಬಂದ. ಹಗಲು ಹನ್ನೊಂದಾಗಿದ್ದರೂ ಬಹಳ ಹೊತ್ತು ಬಾಗಿಲು ಬಡಿಯಬೇಕಾಯಿತು. ಒಳಗೆ ಬಂದವನೇ ಬಟ್ಟೆ ಒಗೆಯುವ ಯಂತ್ರದ ಮುಂದೆ ಕುಳಿತು ಅದರ ಗುಂಡಿಗಳನ್ನು ತಿರುಗಿಸತೊಡಗಿದ.

"ಅದು ಒಲೆಯಲ್ಲಪ್ಪ," ಎಂದರು ಮೊಸರುಗಲ್ಲು.

"ಗೊತ್ತು ಸಾರ್, ಗೊತ್ತು. ಅದಿರ್ಲಿ, ನಿಮ್ಮ ಪಕ್ಕದ್ಮನೆಗೆ ಬಂದಿದಾರಲ್ಲ ಮೇಲ್ಮನೆ ಸದಸ್ಯರು, ಅವರು ಹೇಗೆ? ಸಮುದ್ರದಾಚೆ ಯಾವುದೋ ದೇಶಕ್ಕೆ ರಾಯಭಾರಿ ಮಾಡ್ತಾರಂತೆ, ಜನ ಮಾತಾಡ್ಕೋತಾರೆ."

ಇದನ್ನು ಅವನು ಎರಡು ಸಲ ಕೂಗಿ ಹೇಳಬೇಕಾಯಿತು. ಮೊಸರುಗಲ್ಲು ಅವನನ್ನು ಮುಡಿಯಿಂದ ಅಡಿಯವರೆಗೆ ನೋಡಿದರು. ಎಣ್ಣೆ ಮೆತ್ತಿದ ಅಂಗಿ, ತುಕ್ಕು ಹಿಡಿದ ಸ್ಪ್ಯಾನರು, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕಪ್ಪು ಬೂಟು.

ಮೊಸರುಗಲ್ಲು ಕಿವಿಯಿಂದ ಹತ್ತಿ ತೆಗೆದರು, ಕೆಂಪು ಕಣ್ಣೊರೆಸಿಕೊಂಡರು, ಸ್ಟೂಲು ಎಳೆದುಕೊಟ್ಟರು: "ಅಂಥ ಕಲಾವಿದರು ಇಂಥ ಸಣ್ಣ ಬೀದೀಲಿ ಇರಬೇಕಾದೋರೇ ಅಲ್ಲಪ್ಪ!"